ಭಾಷೆ ಕಟ್ಟಿದ ಕಣ್ಣಿನ ಡಾಕ್ಟ್ರು

ಹೊಸ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್ ಕಲಿಯುವಾಗ ನಾವ್ಯಾರೂ ಅದರ ಜಾತಿ, ಧರ್ಮ ಕೇಳಲ್ಲ. ಮನುಷ್ಯರು ಆಡೋ ಮಾತಿಗೂ ಅಂಥದ್ದೊಂದು ಭಾಷೆ ಇದ್ದಿದ್ರೆ? ಈ ಪ್ರಶ್ನೆ ಒಬ್ಬ ಹುಡುಗನನ್ನು ಜೀವನಪೂರ್ತಿ ಬಿಡಲಿಲ್ಲ. ಅವರೇ ಎಸ್ಪೆರಾಂಟೋ ಭಾಷೆ ಕಟ್ಟಿದ ಲುಡ್ವಿಕ್ ಲಾಜರ್ ಜಾಮೆನ್‌ಹಾಫ್.

ಹುಟ್ಟಿದ್ದು 1859ರ ಡಿಸೆಂಬರ್ 15ರಂದು, ಬಿಯಾವಿಸ್ಟೋಕ್ ಎಂಬ ಊರಿನ ಯಹೂದಿ ಮನೆಯಲ್ಲಿ. ಈಗ ಪೋಲೆಂಡಿನಲ್ಲಿರುವ ಆ ಊರು ಆಗ ರಷ್ಯಾ ಸಾಮ್ರಾಜ್ಯದಲ್ಲಿತ್ತು. ರಷ್ಯನ್, ಪೋಲಿಷ್, ಜರ್ಮನ್, ಯಿದ್ದಿಶ್ ಮಾತಾಡುವವರು ಒಂದೇ ಪೇಟೆಯಲ್ಲಿದ್ದರೂ ಒಬ್ಬರನ್ನು ಕಂಡ್ರೆ ಇನ್ನೊಬ್ಬರಿಗೆ ಆಗ್ತಿರಲಿಲ್ಲ. ಭಾಷೆ ಬೇರೆಯಾಗಿರೋದೇ ಈ ಜಗಳಕ್ಕೆ ಕಾರಣ ಅಂತ ಹುಡುಗನಿಗೆ ಅನಿಸಿತು.

ಹೈಸ್ಕೂಲಲ್ಲೇ ಭಾಷೆ ಕಟ್ಟೋಕೆ ಕೂತರು. ಆದರೆ ಅಷ್ಟೊಂದು ಪದಗಳನ್ನ ಯಾರು ಬಾಯಿಪಾಠ ಮಾಡ್ತಾರೆ? ಉತ್ತರ ಸಿಕ್ಕಿದ್ದು ಬೀದಿಯ ಬೋರ್ಡುಗಳಲ್ಲಿ. ಕಾವಲುಗಾರನ ಕೋಣೆ, ಸಿಹಿತಿಂಡಿ ಅಂಗಡಿ, ಎರಡರ ರಷ್ಯನ್ ಹೆಸರೂ ಒಂದೇ ಪ್ರತ್ಯಯದಲ್ಲಿ ಮುಗಿಯುತ್ತಿತ್ತು. ಪದ ಕಡಿಮೆ ಇಟ್ಟು ಪ್ರತ್ಯಯಗಳಿಂದ ಬೆಳೆಸಿದರಾಯ್ತು! ಎಸ್ಪೆರಾಂಟೋದಲ್ಲಿ 'ಸಾನ' ಅಂದ್ರೆ ಆರೋಗ್ಯವಾಗಿರುವ, 'ಮಲ್‌ಸಾನ' ಅಂದ್ರೆ ಕಾಯಿಲೆಯ, 'ಮಲ್‌ಸಾನುಲೋ' ರೋಗಿ, 'ಮಲ್‌ಸಾನುಲೇಯೋ' ಆಸ್ಪತ್ರೆ. ಪ್ರತ್ಯಯ ಅಂಟಿಸಿ ಅಂಟಿಸಿ ಮಾತಾಡೋ ಕನ್ನಡಿಗರಿಗೆ ಇದು ಹೊಸದೇನಲ್ಲ.

ಮುಂದೆ ಮೆಡಿಕಲ್ ಓದಿ ವಾರ್ಸಾದಲ್ಲಿ ಕಣ್ಣಿನ ಡಾಕ್ಟರಾದರು. 1887ರಲ್ಲಿ ಮಾವ ಕೊಟ್ಟ ದುಡ್ಡಿನಲ್ಲಿ ಮೊದಲ ಪುಸ್ತಕ ಅಚ್ಚಾಯಿತು. 16 ನಿಯಮ, ಸುಮಾರು 900 ಮೂಲಪದ. ಹೆಸರು ಹಾಕಿದ್ದು ಡಾಕ್ಟರ್ ಎಸ್ಪೆರಾಂಟೋ ಅಂತ, ಅಂದ್ರೆ ಭರವಸೆ ಇಟ್ಟುಕೊಂಡವನು. ಭಾಷೆಯ ಮೇಲೆ ತನಗೆ ಯಾವ ಹಕ್ಕೂ ಬೇಡ ಅಂತ ಅದರಲ್ಲೇ ಬರೆದರು. ಓಪನ್ ಸೋರ್ಸ್ ಅನ್ನೋ ಮಾತೇ ಇಲ್ಲದ ಕಾಲ ಅದು!

ನಮಗೆಲ್ಲ ಗೊತ್ತಿರೋ ಕತೆ ಇಲ್ಲಿಗೆ ಮುಗಿಯುತ್ತೆ. ಆದರೆ ಜಾಮೆನ್‌ಹಾಫ್‌ಗೆ ಭಾಷೆ ಅರ್ಧ ಕೆಲಸ ಅಷ್ಟೇ. ಮಾತು ಒಂದಾದರೂ ದೇವರ ಹೆಸರಲ್ಲಿ ಜನ ಬಡಿದಾಡಿದರೆ ಏನು ಬಂತು? 1901ರಲ್ಲಿ 'ಹಿಲೆಲಿಸಂ' ಎಂಬ ಚಿಂತನೆಯನ್ನು ಗುಪ್ತನಾಮದಲ್ಲಿ ಪ್ರಕಟಿಸಿದರು. ಜಗತ್ತನ್ನು ನಡೆಸೋ ಒಂದು ಶಕ್ತಿ ಇದೆ, ಅದನ್ನು ಅವರವರ ಬುದ್ಧಿ, ಹೃದಯ ಕಂಡಂತೆ ಅರಿಯಬಹುದು. ಅದರ ಮಾತು ಕೇಳಿಸೋದು ಮನಸ್ಸಾಕ್ಷಿಯಲ್ಲಿ. ನಮಗೆ ಇತರರು ಹೇಗಿರಬೇಕೋ ಹಾಗೇ ನಾವು ಅವರ ಜೊತೆ ಇರಬೇಕು. ಉಳಿದ ಆಚರಣೆಗಳೆಲ್ಲ ಮನುಷ್ಯರು ಮಾಡಿಕೊಂಡಿದ್ದು. ಹಿಲೆಲ್ ಪ್ರಾಚೀನ ಯಹೂದಿ ಗುರು. ಎಲ್ಲರದೂ ಆಗಬೇಕಾದ್ದಕ್ಕೆ ಒಂದೇ ಸಮುದಾಯದ ಗುರುವಿನ ಹೆಸರು ಯಾಕೆ? 1906ರಲ್ಲಿ ಅದು 'ಹೊಮರಾನಿಸ್ಮೋ' ಆಯಿತು. ಮನುಕುಲದ ಸದಸ್ಯನಾಗಿ ಬಾಳುವ ದಾರಿ ಅಂತ ಅರ್ಥ.

1905ರಲ್ಲಿ ಫ್ರಾನ್ಸಿನ ಬುಲೋನ್‌ನಲ್ಲಿ ಮೊದಲ ವಿಶ್ವ ಸಮ್ಮೇಳನ ನಡೆಯಿತು. ಜಾಮೆನ್‌ಹಾಫ್ ತಾವೇ ಬರೆದ ಪ್ರಾರ್ಥನೆ ಓದಲು ಹೊರಟರು. ಫ್ರೆಂಚ್ ಮುಖಂಡರಿಗೆ ಗಾಬರಿ. ಭಾಷೆ ಸರಿ, ಈ ದೇವರ ವಿಷಯ ಯಾಕೆ? ಯಹೂದಿಗಳ ಮೇಲೆ ದ್ವೇಷ ಕುದಿಯುತ್ತಿದ್ದ ಕಾಲ ಬೇರೆ. ಕೊನೆಗೆ ಎಲ್ಲ ಧರ್ಮದವರೂ ದೇವರ ಮಕ್ಕಳು ಅನ್ನೋ ಕೊನೆಯ ಪದ್ಯ ಬಿಟ್ಟು ಓದಿದರು. ಅದೇ ಸಮ್ಮೇಳನ, ಎಸ್ಪೆರಾಂಟೋ ಅಂದ್ರೆ ಭಾಷೆ ಮಾತ್ರ, ಉಳಿದ ಆದರ್ಶಗಳೆಲ್ಲ ಅವರವರ ಖಾಸಗಿ ವಿಷಯ ಅಂತ ಘೋಷಿಸಿತು. ಮರುವರ್ಷ ಹುಟ್ಟೂರಲ್ಲೇ ಯಹೂದಿಗಳ ಕೊಲೆಗಳಾದವು. ಜಿನೀವಾ ಸಮ್ಮೇಳನದಲ್ಲಿ ಅವರು ಅದನ್ನು ಬಾಯಿಬಿಟ್ಟು ಹೇಳಿದರು. 1912ರಲ್ಲಿ ನಾಯಕತ್ವ ಬಿಟ್ಟುಕೊಟ್ಟು, ಮರುವರ್ಷ ಹೊಮರಾನಿಸ್ಮೋ ಘೋಷಣೆಯನ್ನು ಸ್ವಂತ ಹೆಸರಲ್ಲೇ ಪ್ರಕಟಿಸಿದರು.

ಅವರ ಭಾಷೆಯೂ ಪೂರ್ತಿ ತಟಸ್ಥವಾಗಿರಲಿಲ್ಲ, ನಿಜ. ಪದಗಳೆಲ್ಲ ಬಹುಪಾಲು ಯುರೋಪಿನವು. ನಮಗದು ಇನ್ನೊಂದು ಪರಭಾಷೆಯೇ. ಆದರೆ ಎಲ್ಲರೂ ಕಲಿತೇ ಆಡಬೇಕಾದ ಭಾಷೆಯಲ್ಲಿ ಯಾರೂ ಯಜಮಾನರಲ್ಲ ಅನ್ನೋ ಯೋಚನೆ ದೊಡ್ಡದು.

1917ರ ಏಪ್ರಿಲ್ 14ರಂದು, ಮೊದಲ ಮಹಾಯುದ್ಧದ ನಡುವೆ ಅವರು ತೀರಿಕೊಂಡರು. ಎರಡನೇ ಮಹಾಯುದ್ಧದಲ್ಲಿ ಅವರ ಮೂವರು ಮಕ್ಕಳನ್ನೂ ನಾಜಿಗಳು ಕೊಂದರು.

ಭಾಷೆ ಮಾತ್ರ ಉಳಿದಿದೆ, ಡುಯೋಲಿಂಗೋದಲ್ಲೂ ಕಲಿಯಬಹುದು. ಅಲ್ಲಿ ವ್ಯಾಕರಣ ಸಿಗುತ್ತೆ, ಬಿಟ್ಟು ಓದಿದ ಆ ಪದ್ಯದ ಕತೆ ಸಿಗಲ್ಲ. ಅದಕ್ಕೇ ಇಷ್ಟು ಬರೆದೆ.