ಬಿಲ್ ಪಿಕೆಟ್: ಹೋರಿಯ ತುಟಿ ಕಚ್ಚಿ ರೋಡಿಯೋಗೆ ಹೊಸ ಆಟ ಕೊಟ್ಟ ಕಪ್ಪು ಕೌಬಾಯ್

1994ರಲ್ಲಿ ಅಮೆರಿಕದ ಅಂಚೆ ಇಲಾಖೆಗೆ ಭಾರೀ ಮುಜುಗರವೊಂದು ಎದುರಾಯಿತು. ಪಶ್ಚಿಮ ಅಮೆರಿಕದ ದಂತಕಥೆಗಳೆನಿಸಿದವರ ಚಿತ್ರಗಳಿರುವ ಅಂಚೆಚೀಟಿಗಳ ಹಾಳೆ ಮುದ್ರಣವಾಗಿ ಬಿಡುಗಡೆಗೆ ಸಿದ್ಧವಾಗಿತ್ತು. ಅದರಲ್ಲಿ ಬಿಲ್ ಪಿಕೆಟ್ ಎಂಬ ಕಪ್ಪು ಕೌಬಾಯ್‌ಗೂ ಜಾಗ ಸಿಕ್ಕಿತ್ತು. ಆದರೆ ಚೀಟಿಯ ಮೇಲಿದ್ದ ಮುಖ ಬಿಲ್‌ದಲ್ಲ, ಅವನ ತಮ್ಮ ಬೆನ್ ಪಿಕೆಟ್‌ನದು! ಹಳೆಯ ಫೋಟೋ ಒಂದಕ್ಕೆ ಯಾರೋ ತಪ್ಪು ಹೆಸರು ಬರೆದಿದ್ದರು, ಕಲಾವಿದ ಅದನ್ನೇ ನಂಬಿ ಚಿತ್ರ ಬಿಡಿಸಿದ್ದ. ಕುಟುಂಬದವರು ಗುರುತಿಸಿದ ಮೇಲೆ ಇಲಾಖೆ ಹಾಳೆಗಳನ್ನು ವಾಪಸ್ ಪಡೆದು, ಸರಿಯಾದ ಮುಖದೊಂದಿಗೆ ಮತ್ತೆ ಮುದ್ರಿಸಬೇಕಾಯಿತು.

ಇಷ್ಟಕ್ಕೂ ಯಾರು ಈ ಬಿಲ್ ಪಿಕೆಟ್? ಇಂದು ಅಮೆರಿಕದ ಯಾವುದೇ ದೊಡ್ಡ ರೋಡಿಯೋಗೆ ಹೋದರೂ ಒಂದು ಆಟ ಕಡ್ಡಾಯವಾಗಿ ಇರುತ್ತದೆ. ಓಡುವ ಕುದುರೆಯಿಂದ ಸವಾರ ಪಕ್ಕದಲ್ಲಿ ಓಡುತ್ತಿರುವ ಹೋರಿಯ ಮೇಲೆ ಜಿಗಿದು, ಅದರ ಕೊಂಬು ಹಿಡಿದು, ಕತ್ತು ತಿರುಚಿ ನೆಲಕ್ಕೆ ಕೆಡವುತ್ತಾನೆ. ಸ್ಟೀರ್ ರೆಸ್ಲಿಂಗ್ ಅಥವಾ ಬುಲ್‌ಡಾಗಿಂಗ್ ಎಂಬ ಈ ಆಟವನ್ನು ಪ್ರಚಾರಕ್ಕೆ ತಂದವನೇ ಬಿಲ್ ಪಿಕೆಟ್. ರೋಡಿಯೋದ ಬಹುತೇಕ ಆಟಗಳು ರಾಂಚ್‌ಗಳ ದಿನನಿತ್ಯದ ಕೆಲಸದಿಂದ ಹುಟ್ಟಿದವು. ಇಂಥವರೇ ಹುಟ್ಟುಹಾಕಿದ್ದು ಎಂದು ಒಬ್ಬ ವ್ಯಕ್ತಿಯತ್ತ ಬೊಟ್ಟು ಮಾಡಬಹುದಾದ ಆಟ ಇದೊಂದೇ ಎನ್ನಲಾಗುತ್ತದೆ.

ನಾಯಿಯಿಂದ ಕಲಿತ ಪಾಠ

ಪಿಕೆಟ್ ಹುಟ್ಟಿದ್ದು 1870ರ ಡಿಸೆಂಬರ್ 5ರಂದು, ಟೆಕ್ಸಾಸ್ ರಾಜ್ಯದಲ್ಲಿ. ಅಮೆರಿಕದಲ್ಲಿ ಗುಲಾಮಗಿರಿ ರದ್ದಾಗಿ ಆಗಿನ್ನೂ ಐದೇ ವರ್ಷ. ತಂದೆ ಥಾಮಸ್ ಜೆಫರ್ಸನ್ ಪಿಕೆಟ್ ಗುಲಾಮನಾಗಿದ್ದು ಬಿಡುಗಡೆ ಹೊಂದಿದವನು. ಹದಿಮೂರು ಮಕ್ಕಳ ಕುಟುಂಬದಲ್ಲಿ ಬಿಲ್ ಎರಡನೆಯವನು. ಕಪ್ಪು ಜನರ ಜೊತೆ ಚೆರೋಕೀ ಬುಡಕಟ್ಟಿನ ರಕ್ತವೂ ಆ ಕುಟುಂಬದಲ್ಲಿ ಬೆರೆತಿತ್ತು. ಐದನೇ ತರಗತಿಗೆ ಶಾಲೆ ಮುಗಿಯಿತು. ನಂತರದ ಶಾಲೆ ಎಂದರೆ ರಾಂಚ್, ಕುದುರೆ ಮತ್ತು ದನ.

ಸಿನಿಮಾಗಳಲ್ಲಿ ನೋಡಿದವರಿಗೆ ಕೌಬಾಯ್ ಎಂದರೆ ಬಿಳಿಯ ಎಂಬ ಭಾವನೆ. ವಾಸ್ತವ ಬೇರೆ. ಅಂತರ್ಯುದ್ಧದ ನಂತರ ಟೆಕ್ಸಾಸ್‌ನಿಂದ ಉತ್ತರಕ್ಕೆ ಲಕ್ಷಾಂತರ ದನಗಳನ್ನು ಹೊಡೆದುಕೊಂಡು ಹೋದ ಕೌಬಾಯ್‌ಗಳಲ್ಲಿ ನಾಲ್ವರಲ್ಲಿ ಒಬ್ಬ ಕಪ್ಪು ವರ್ಣೀಯನಾಗಿದ್ದ ಎಂಬುದು ಇತಿಹಾಸಕಾರರ ಅಂದಾಜು.

ಟೆಕ್ಸಾಸ್‌ನ ದನಗಳು ಮುಳ್ಳುಪೊದೆಗಳ ಕಾಡಿಗೆ ನುಗ್ಗಿದರೆ ಹಗ್ಗ ಬೀಸಿ ಹಿಡಿಯಲು ಜಾಗವೇ ಇರುತ್ತಿರಲಿಲ್ಲ. ಅಲ್ಲಿ ಕೆಲಸಕ್ಕೆ ಬರುತ್ತಿದ್ದುದು ಬುಲ್‌ಡಾಗ್ ತಳಿಯ ನಾಯಿಗಳು. ನಾಯಿ ನೇರವಾಗಿ ದನದ ಮೇಲ್ದುಟಿಗೆ ಬಾಯಿ ಹಾಕುತ್ತಿತ್ತು. ತುಟಿ ಅತ್ಯಂತ ಸೂಕ್ಷ್ಮ ಭಾಗ. ಅಲ್ಲಿ ಹಲ್ಲು ಊರಿದರೆ ಎಂಥ ದನವೂ ಅಲುಗಾಡದೆ ನಿಲ್ಲುತ್ತಿತ್ತು. ಬಾಲಕ ಪಿಕೆಟ್ ಇದನ್ನು ಕಣ್ಣರಳಿಸಿ ನೋಡಿದ. ಅಷ್ಟು ಚಿಕ್ಕ ನಾಯಿಗೆ ಸಾಧ್ಯವಾಗುವುದು ತನಗೇಕೆ ಆಗದು ಎಂದುಕೊಂಡ. ಮೊದಲು ಕರುಗಳ ಮೇಲೆ ಪ್ರಯೋಗ ನಡೆಯಿತು. ಒಮ್ಮೆ ಕರುಗಳಿಗೆ ಬರೆ ಹಾಕುತ್ತಿದ್ದ ಕೌಬಾಯ್‌ಗಳ ಮುಂದೆ, ಹಗ್ಗವಿಲ್ಲದೆ ಹಲ್ಲಿನಿಂದಲೇ ಕರುವನ್ನು ಅಲ್ಲಾಡದಂತೆ ಹಿಡಿದು ತೋರಿಸಿದ ಎಂಬ ಕಥೆ ಪ್ರಚಲಿತದಲ್ಲಿದೆ.

ಜಾತ್ರೆಯಿಂದ ಅಖಾಡಕ್ಕೆ

1888ರಲ್ಲಿ ಕುಟುಂಬ ಟೇಲರ್ ಎಂಬ ಊರಿಗೆ ಬಂತು. ಅದೇ ವರ್ಷ ಅಲ್ಲಿ ನಡೆದ ಮೊದಲ ಮೇಳದಲ್ಲಿ ಪಿಕೆಟ್ ತನ್ನ ವಿದ್ಯೆ ಪ್ರದರ್ಶಿಸಿದ. ಆ ಕಾಲದ ಅಮೆರಿಕದ ಮೇಳಗಳೆಂದರೆ ರೈತರ ಹಬ್ಬ. ಬೆಳಗ್ಗೆ ಮೈ ತೊಳೆದು ಬಾಚಿದ ಹೋರಿ, ಹಸು, ಕುದುರೆಗಳನ್ನು ಸಾಲಾಗಿ ನಿಲ್ಲಿಸಿ ಬಹುಮಾನ ಕೊಡುತ್ತಿದ್ದರು. ಸಂಜೆ ಕುದುರೆ ಪಳಗಿಸುವ, ಹಗ್ಗ ಬೀಸುವ ಆಟಗಳಿಗೆ ಜನ ಸೇರುತ್ತಿದ್ದರು. ದನಗಳ ಪ್ರದರ್ಶನ ಮತ್ತು ರೋಡಿಯೋ ಹೀಗೆ ಅಕ್ಕಪಕ್ಕದಲ್ಲೇ ಬೆಳೆದವು. 1896ರಲ್ಲಿ ಆರಂಭವಾದ ಫೋರ್ಟ್ ವರ್ತ್ ಜಾನುವಾರು ಪ್ರದರ್ಶನವೇ ಇದಕ್ಕೆ ಉದಾಹರಣೆ. 1918ರಲ್ಲಿ ಅಲ್ಲಿ ಛಾವಣಿಯಡಿಯ ರೋಡಿಯೋ ಕೂಡ ಶುರುವಾಯಿತು. ಇಂದಿಗೂ ಅಲ್ಲಿ ಎರಡೂ ಜೊತೆಯಾಗಿಯೇ ನಡೆಯುತ್ತವೆ.

ಪಿಕೆಟ್ ತನ್ನ ಸಹೋದರರನ್ನು ಕಟ್ಟಿಕೊಂಡು ಕುದುರೆ ಪಳಗಿಸುವ ತಂಡ ಶುರು ಮಾಡಿದ. 1890ರಲ್ಲಿ ಮ್ಯಾಗಿ ಟರ್ನರ್ ಎಂಬಾಕೆಯನ್ನು ಮದುವೆಯಾದ. ಅವರಿಗೆ ಒಂಬತ್ತು ಮಕ್ಕಳು. ಊರಿನ ಬ್ಯಾಪ್ಟಿಸ್ಟ್ ಚರ್ಚ್‌ನಲ್ಲಿ ಪಿಕೆಟ್ ಡೀಕನ್ ಕೂಡ ಆಗಿದ್ದ. ವಾರವಿಡೀ ದನಗಳ ಜೊತೆ ಗುದ್ದಾಟ, ಭಾನುವಾರ ಚರ್ಚ್ ಸೇವೆ.

ಅವನ ಆಟ ನಡೆಯುತ್ತಿದ್ದುದು ಹೀಗೆ. ಹೋರಿಯನ್ನು ಬಯಲಿಗೆ ಬಿಡುತ್ತಿದ್ದರು. ಒಂದು ಬದಿಯಲ್ಲಿ ಇನ್ನೊಬ್ಬ ಸವಾರ ಅದು ದಿಕ್ಕು ತಪ್ಪದಂತೆ ಕಾಯುತ್ತಿದ್ದ. ಇನ್ನೊಂದು ಬದಿಯಿಂದ ಪಿಕೆಟ್ ಕುದುರೆ ಓಡಿಸುತ್ತಾ ಬಂದು, ಜಿಗಿದು ಕೊಂಬು ಹಿಡಿಯುತ್ತಿದ್ದ. ಹಿಮ್ಮಡಿಯನ್ನು ನೆಲಕ್ಕೆ ಊರಿ, ಕತ್ತು ತಿರುಚಿ ಮೂತಿ ಮೇಲಕ್ಕೆತ್ತಿ, ಮೇಲ್ದುಟಿಗೆ ಹಲ್ಲು ಊರುತ್ತಿದ್ದ. ಆಮೇಲೆ ಎರಡೂ ಕೈ ಬಿಟ್ಟು ಗಾಳಿಯಲ್ಲಿ ಎತ್ತಿ ತೋರಿಸಿ, ಹಿಂದಕ್ಕೆ ಬೀಳುತ್ತಿದ್ದ. ಅವನ ಜೊತೆಗೇ ಹೋರಿಯೂ ಮಗುಚಿ ಬೀಳುತ್ತಿತ್ತು. ಪಿಕೆಟ್‌ನ ಎತ್ತರ 5 ಅಡಿ 7 ಇಂಚು, ತೂಕ ಸುಮಾರು 65 ಕೆ.ಜಿ. ಎದುರಿನ ಪ್ರಾಣಿಯ ತೂಕ ಅದರ ಹಲವು ಪಟ್ಟು. ಜನ ಬೆರಗಾಗದೆ ಇರುತ್ತಾರೆಯೇ?

1904ರಲ್ಲಿ ವಯೋಮಿಂಗ್‌ನ ಪ್ರಸಿದ್ಧ ಶೈಯೆನ್ ಫ್ರಂಟಿಯರ್ ಡೇಸ್ ಉತ್ಸವದಲ್ಲಿ ಅವನ ಪ್ರದರ್ಶನ ನಡೆಯಿತು. ಪತ್ರಿಕೆಗಳು ಬರೆದವು, ಹೆಸರು ದೇಶದ ತುಂಬ ಹರಡಿತು. ಡಸ್ಕಿ ಡೀಮನ್ ಎಂಬ ಬಿರುದೂ ಅಂಟಿಕೊಂಡಿತು. ಕಪ್ಪು ಭೂತ ಎಂಬಂಥ ಅರ್ಥದ ಆ ಹೆಸರಿನಲ್ಲಿ ಮೆಚ್ಚುಗೆಯೂ ಇತ್ತು, ಚರ್ಮದ ಬಣ್ಣದ ನೆನಪೂ ಇತ್ತು.

ಮೆಕ್ಸಿಕೋದ ಆ ಭಯಾನಕ ದಿನ

1905ರಲ್ಲಿ ಓಕ್ಲಹೋಮಾದ ಮಿಲ್ಲರ್ ಸಹೋದರರ 101 ರಾಂಚ್ ಅವನನ್ನು ತನ್ನ ಪ್ರದರ್ಶನಕ್ಕೆ ಕರೆಯಿತು. ಜೋಸೆಫ್, ಜ್ಯಾಕ್ ಮತ್ತು ಜಾರ್ಜ್ ಮಿಲ್ಲರ್ ನಡೆಸುತ್ತಿದ್ದ ಆ ರಾಂಚ್ ಉಚ್ಛ್ರಾಯ ಕಾಲದಲ್ಲಿ 1,10,000 ಎಕರೆ ಹರಡಿತ್ತು. ಮುಂದೆ ಹಾಲಿವುಡ್ ತಾರೆಯಾದ ಟಾಮ್ ಮಿಕ್ಸ್ ಕೂಡ ಅಲ್ಲಿ ದುಡಿದವನೇ. 1907ರಲ್ಲಿ ಪಿಕೆಟ್ ಪೂರ್ಣಾವಧಿಗೆ ಸೇರಿಕೊಂಡ. ಸ್ಪ್ರಾಡ್ಲಿ ಎಂಬ ಕುದುರೆ ಅವನ ಸಂಗಾತಿಯಾಯಿತು.

1908ರ ಡಿಸೆಂಬರ್‌ನಲ್ಲಿ ತಂಡ ಮೆಕ್ಸಿಕೋ ಸಿಟಿಗೆ ಹೋಯಿತು. ಗೂಳಿ ಕಾಳಗವನ್ನು ಆರಾಧಿಸುವ ಊರು ಅದು. ಅಲ್ಲಿನ ಪತ್ರಿಕೆಗಳ ಗೇಲಿಯಿಂದ ಕೆರಳಿದ ಜೋ ಮಿಲ್ಲರ್ 5,000 ಪೆಸೋ ಬಾಜಿ ಕಟ್ಟಿಬಿಟ್ಟ. ಕಾಳಗದ ಗೂಳಿಯನ್ನೇ ಪಿಕೆಟ್ ಬರಿಗೈಯಲ್ಲಿ ಐದು ನಿಮಿಷ ಹಿಡಿದು ನಿಲ್ಲುತ್ತಾನೆ ಎಂಬುದು ಪಂಥ. ಬಾಜಿಯ ಹಣ ಮಾಲೀಕನದು, ಜೀವ ಪಿಕೆಟ್‌ನದು.

ಡಿಸೆಂಬರ್ 23ರಂದು ಎಲ್ ತೊರೆಯೋ ಅಖಾಡ ತುಂಬಿ ತುಳುಕಿತು. ಗೂಳಿ ಸಾಮಾನ್ಯ ಹೋರಿಯಂತೆ ಓಡಲಿಲ್ಲ, ತಿರುಗಿ ತಿರುಗಿ ಎರಗಿತು. ಅದರ ಹತ್ತಿರ ಹೋಗುವ ಯತ್ನದಲ್ಲಿ ಸ್ಪ್ರಾಡ್ಲಿಯ ಹಿಂಭಾಗಕ್ಕೆ ಕೊಂಬು ಹೊಕ್ಕಿತು. ಆ ಕ್ಷಣದಲ್ಲೇ ಪಿಕೆಟ್ ಗೂಳಿಯ ತಲೆಗೆ ಜಿಗಿದು ಕೊಂಬುಗಳ ನಡುವೆ ಜೋತುಬಿದ್ದ. ಗೂಳಿ ಅವನನ್ನು ಗೋಡೆಗೆ ಅಪ್ಪಳಿಸಿತು, ಬೊಂಬೆಯಂತೆ ಝಾಡಿಸಿತು. ಹಿಡಿತ ಮಾತ್ರ ಸಡಿಲಲಿಲ್ಲ. ತಮ್ಮ ಪವಿತ್ರ ಕಲೆಗೆ ಅವಮಾನವಾಯಿತು ಎಂದು ಕೆರಳಿದ ಪ್ರೇಕ್ಷಕರು ಬಾಟಲಿ, ಕಲ್ಲು, ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದರು. ಬಾಟಲಿ ಬಡಿದು ಪಕ್ಕೆಲುಬು ಮುರಿಯಿತು. ಏಳೂವರೆ ನಿಮಿಷ ಅವನು ಗೂಳಿಗೆ ಅಂಟಿಕೊಂಡಿದ್ದ ಎಂದು ದಾಖಲಾಗಿದೆ. ಗೂಳಿಯನ್ನು ಕೆಡವಲು ಆಗಲಿಲ್ಲ, ಆದರೆ ಪಂಥ ಗೆದ್ದಾಗಿತ್ತು. ಪಿಕೆಟ್ ರಕ್ತಸಿಕ್ತನಾಗಿ ಹೊರಬಂದ. ಸ್ಪ್ರಾಡ್ಲಿಯೂ ಬದುಕಿಕೊಂಡಿತು.

ಬಣ್ಣದ ಗೋಡೆ

ಗೂಳಿಗಿಂತ ಗಟ್ಟಿಯಾದ ಎದುರಾಳಿ ಬೇರೆ ಇತ್ತು. ಬಹುತೇಕ ರೋಡಿಯೋ ಸ್ಪರ್ಧೆಗಳಲ್ಲಿ ಕಪ್ಪು ವರ್ಣೀಯರಿಗೆ ಪ್ರವೇಶವಿರಲಿಲ್ಲ. ಅವನ ಆಟ ನೋಡಲು ಟಿಕೆಟ್ ಮಾರಾಟವಾಗುತ್ತಿತ್ತು, ಸ್ಪರ್ಧಿಗಳ ಪಟ್ಟಿಯಲ್ಲಿ ಅವನ ಹೆಸರಿಗೆ ಜಾಗವಿರುತ್ತಿರಲಿಲ್ಲ. ಎಷ್ಟೋ ಕಡೆ ಅವನು ಅಖಾಡಕ್ಕೆ ಇಳಿದದ್ದು ಅಮೆರಿಕದ ಮೂಲನಿವಾಸಿ ಎಂದು ಹೇಳಿಕೊಂಡು. ಹೀಗಾಗಿ ತಾನೇ ಬೆಳೆಸಿದ ಆಟದಲ್ಲಿ ಅವನ ಹೆಸರಿಗೆ ಚಾಂಪಿಯನ್ ಪಟ್ಟಗಳ ಸಾಲು ಇಲ್ಲ. ಅವನನ್ನು ನೋಡಿ ಕಲಿತ ಬಿಳಿಯ ಸವಾರರಿಗೆ ಸಿಕ್ಕ ಬಹುಮಾನಗಳು ಅವನಿಗೆ ದಕ್ಕಲಿಲ್ಲ.

1914ರಲ್ಲಿ 101 ರಾಂಚ್ ತಂಡ ಲಂಡನ್‌ಗೆ ಹೋದಾಗ ದೊರೆ ಐದನೇ ಜಾರ್ಜ್ ಮತ್ತು ರಾಣಿ ಮೇರಿ ಅವನ ಆಟ ನೋಡಿದರು. ಅದೇ ಬೇಸಿಗೆಯಲ್ಲಿ ಮೊದಲ ಮಹಾಯುದ್ಧ ಸಿಡಿಯಿತು. ಬ್ರಿಟಿಷ್ ಸರ್ಕಾರ ತಂಡದ ಕುದುರೆಗಳನ್ನು ಸೇನೆಗೆ ವಶಪಡಿಸಿಕೊಂಡಿತು.

ಸಿನಿಮಾವೂ ಅವನನ್ನು ಹುಡುಕಿ ಬಂತು. ಕಪ್ಪು ಕಲಾವಿದರನ್ನೇ ಇಟ್ಟುಕೊಂಡು ಮೂಕಿ ಚಿತ್ರ ಮಾಡುತ್ತಿದ್ದ ನಿರ್ಮಾಪಕ ರಿಚರ್ಡ್ ನಾರ್ಮನ್, ದಿ ಬುಲ್‌ಡಾಗರ್ ಮತ್ತು ದಿ ಕ್ರಿಮ್ಸನ್ ಸ್ಕಲ್ ಚಿತ್ರಗಳಲ್ಲಿ ಅವನನ್ನು ತೆರೆಗೆ ತಂದ. ಬುಲ್‌ಡಾಗರ್ ಪೂರ್ತಿಯಾಗಿ ಉಳಿದಿಲ್ಲ, ಕೆಲವು ತುಣುಕುಗಳು ಮಾತ್ರ ಇವೆ.

ಕೊನೆಗೂ ಕುದುರೆಯೇ ಕಾರಣ

1929ರಲ್ಲಿ ಪತ್ನಿ ಮ್ಯಾಗಿ ತೀರಿಕೊಂಡಳು. ಆರ್ಥಿಕ ಮಹಾಕುಸಿತದ ಹೊಡೆತಕ್ಕೆ 101 ರಾಂಚ್ ಕೂಡ ದಿವಾಳಿಯಾಯಿತು. ಜನಜಂಗುಳಿ, ಚಪ್ಪಾಳೆ ಎಲ್ಲ ಮುಗಿದರೂ ಪಿಕೆಟ್ ಅಲ್ಲೇ ಉಳಿದು ಜ್ಯಾಕ್ ಮಿಲ್ಲರ್‌ಗೆ ನೆರವಾಗುತ್ತಿದ್ದ. 1932ರ ಮಾರ್ಚ್‌ನಲ್ಲಿ ಕುದುರೆಯೊಂದಕ್ಕೆ ಹಗ್ಗ ಹಾಕುವಾಗ ಅದು ಅವನ ತಲೆಗೆ ಒದೆಯಿತು. ದಿನಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿ, ಏಪ್ರಿಲ್ 2ರಂದು ಕೊನೆಯುಸಿರೆಳೆದ. ಆಗ ಅವನ ವಯಸ್ಸು 61. ಅಮೆರಿಕದ ಅತ್ಯಂತ ಜನಪ್ರಿಯ ಹಾಸ್ಯಗಾರ, ಅವನ ಗೆಳೆಯ ವಿಲ್ ರೋಜರ್ಸ್ ರೇಡಿಯೋದಲ್ಲಿ ಈ ಸಾವಿನ ಸುದ್ದಿಯನ್ನು ನಾಡಿಗೆ ತಿಳಿಸಿದ. ಓಕ್ಲಹೋಮಾದ ಮಾರ್ಲಂಡ್ ಬಳಿಯ ದಿಬ್ಬದಲ್ಲಿ ಅವನ ಸಮಾಧಿ ಇದೆ.

ತಡವಾಗಿ ಬಂದ ಗೌರವ

ಸತ್ತು ಸುಮಾರು ನಾಲ್ಕು ದಶಕಗಳ ನಂತರ, 1971ರಲ್ಲಿ, ರಾಷ್ಟ್ರೀಯ ರೋಡಿಯೋ ಹಾಲ್ ಆಫ್ ಫೇಮ್ ಅವನಿಗೆ ಬಾಗಿಲು ತೆರೆಯಿತು. ಅಲ್ಲಿಗೆ ಸೇರಿದ ಮೊದಲ ಕಪ್ಪು ಕೌಬಾಯ್ ಅವನು. 1989ರಲ್ಲಿ ಪ್ರೊರೋಡಿಯೋ ಹಾಲ್ ಆಫ್ ಫೇಮ್ ಕೂಡ ಗೌರವಿಸಿತು. 1984ರಲ್ಲಿ ಶುರುವಾದ ಬಿಲ್ ಪಿಕೆಟ್ ಇನ್ವಿಟೇಷನಲ್ ರೋಡಿಯೋ, ಕಪ್ಪು ಸವಾರರಿಗಾಗಿಯೇ ಊರೂರು ಸುತ್ತುತ್ತಿದೆ. ಒಂದು ಕಾಲಕ್ಕೆ ಅವನಿಗೆ ಮುಚ್ಚಿದ್ದ ಅಖಾಡದ ಗೇಟು ಇಂದು ಅವನ ಹೆಸರಿನಲ್ಲೇ ತೆರೆಯುತ್ತದೆ. ಫೋರ್ಟ್ ವರ್ತ್‌ನ ಹಳೆಯ ದನದ ಮಾರುಕಟ್ಟೆ ಪ್ರದೇಶದಲ್ಲಿ, ಕೌಟೌನ್ ಕೊಲೀಸಿಯಂ ಎದುರು, ಹೋರಿಯ ಜೊತೆ ಸೆಣಸುವ ಅವನ ಕಂಚಿನ ಪ್ರತಿಮೆಯನ್ನೂ 1987ರಲ್ಲಿ ನಿಲ್ಲಿಸಲಾಯಿತು.

ಅವನ ಆಟ ಮಾತ್ರ ಬದಲಾಗಿದೆ. ಇಂದಿನ ಸ್ಪರ್ಧೆಯಲ್ಲಿ ತುಟಿ ಕಚ್ಚುವುದಿಲ್ಲ, ಕೊಂಬು ಹಿಡಿದು ಕೆಡವುವುದಷ್ಟೇ. ಹೋರಿಯ ತೂಕ ಸುಮಾರು 200ರಿಂದ 300 ಕೆ.ಜಿ. ಒಳ್ಳೆಯ ಸವಾರ ನಾಲ್ಕೈದು ಸೆಕೆಂಡಿನಲ್ಲಿ ಮುಗಿಸುತ್ತಾನೆ. ಇಂಥ ಆಟಗಳಿಂದ ಪ್ರಾಣಿಗಳಿಗೆ ಆಗುವ ನೋವಿನ ಬಗ್ಗೆ ಪ್ರಾಣಿಪ್ರಿಯರ ಆಕ್ಷೇಪವೂ ಜೋರಾಗಿಯೇ ಇದೆ.

ಗೊಂದಲ ಮಾತ್ರ ಇನ್ನೂ ಬೆನ್ನು ಬಿಟ್ಟಿಲ್ಲ. 2021ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ದಿ ಹಾರ್ಡರ್ ದೇ ಫಾಲ್ ಚಿತ್ರದಲ್ಲಿ ಬಿಲ್ ಪಿಕೆಟ್ ಹೆಸರಿನ ಪಾತ್ರವಿದೆ. ಅಲ್ಲಿ ಅವನು ದರೋಡೆ ತಂಡದ ಬಂದೂಕುಧಾರಿ. ನಿಜವಾದ ಪಿಕೆಟ್ ಹೆಸರು ಮಾಡಿದ್ದು ಬಂದೂಕಿನಿಂದಲ್ಲ. ಅಂಚೆಚೀಟಿಯಲ್ಲಿ ತಮ್ಮನ ಮುಖ, ಸಿನಿಮಾದಲ್ಲಿ ದರೋಡೆಕೋರನ ವೇಷ. ಆದರೆ ಪ್ರತಿ ರೋಡಿಯೋದಲ್ಲೂ ಸವಾರನೊಬ್ಬ ಕುದುರೆ ಬಿಟ್ಟು ಹೋರಿಯ ಕೊಂಬಿಗೆ ಕೈ ಹಾಕಿದಾಗ, ಅಲ್ಲಿರುವುದು ಅಸಲಿ ಬಿಲ್ ಪಿಕೆಟ್‌ನ ಗುರುತು.