ನೆಲದಡಿಯನ್ನು ನೋಡಿದ ಎಂಜಿನಿಯರ್

ಕುಂದಾಪುರದ ಹೊರವಲಯದಲ್ಲಿ ಐದು ಸೆಂಟ್ಸ್ ಜಾಗದ ಮನೆಯೊಂದನ್ನು ಕೆಲವು ವರ್ಷಗಳ ಹಿಂದೆ ಕೊಂಡಾಗ, ನೋಡಬೇಕಾದುದನ್ನೆಲ್ಲ ನೋಡಿದ್ದೇನೆಂಬ ಸಮಾಧಾನ ನನಗಿತ್ತು. ಪಹಣಿ, ಋಣಭಾರ ಪತ್ರ, ಪಂಚಾಯಿತಿಯ ನಮೂನೆಗಳನ್ನು ವಕೀಲರಿಗೆ ತೋರಿಸಿದ್ದೆ. ಬಾವಿ ಈಶಾನ್ಯದಲ್ಲಿದೆಯೆಂದು ವಾಸ್ತು ಬಲ್ಲವರು ಮೆಚ್ಚಿದ್ದರು. ಮೊದಲ ಆಷಾಢದಲ್ಲಿ ಬಚ್ಚಲ ನೀರು ಇಳಿಯದೆ ನಿಂತಿತು. ಬಾವಿಯ ನೀರಿಗೆ ವಾಸನೆ ಬಂತು, ಮನೆಮಂದಿಗೆಲ್ಲ ವಾಂತಿಭೇದಿಯಾಯಿತು. ಅಂಗಳದ ಹಾಸು ಕೀಳಿಸಿ ನೋಡಿದರೆ, ಸೆಪ್ಟಿಕ್ ಟ್ಯಾಂಕ್ ಎಂದು ನಾವು ನಂಬಿದ್ದ ತೊಟ್ಟಿಗೆ ತಳವೇ ಇರಲಿಲ್ಲ. ಅದಕ್ಕೂ ಬಾವಿಗೂ ನಡುವೆ ಇದ್ದದ್ದು ಇಪ್ಪತ್ತೈದು ಅಡಿ. ಹೇಳದೆ ಮಾರಿದವರದು ಎಷ್ಟು ತಪ್ಪೋ, ಮುಚ್ಚಳ ತೆಗೆಸಿ ನೋಡದೆ ಕೊಂಡ ನನ್ನದೂ ಅಷ್ಟೇ ತಪ್ಪು.

ಆ ಮಳೆಗಾಲದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಜೀವನವೃತ್ತಾಂತವನ್ನು ಮತ್ತೊಮ್ಮೆ ಓದಿದೆ. ನಮಗೆಲ್ಲ ಅವರು ಕನ್ನಂಬಾಡಿಯ ಕಟ್ಟೆ ಮತ್ತು ಮೈಸೂರಿನ ದಿವಾನಗಿರಿಯಿಂದ ಪರಿಚಿತರು. ಅವರ ಹುಟ್ಟಿದ ದಿನವಾದ ಸೆಪ್ಟೆಂಬರ್ 15ನ್ನು ಎಂಜಿನಿಯರುಗಳ ದಿನವೆಂದು ಆಚರಿಸುತ್ತೇವೆ. ಆದರೆ ಮೈಸೂರಿಗೆ ಬರುವ ಮುನ್ನ ಅವರ ದುಡಿಮೆಯ ದೊಡ್ಡ ಪಾಲು ಸಂದದ್ದು ಕುಡಿಯುವ ನೀರಿಗೆ ಮತ್ತು ಕೊಳಚೆ ನೀರಿಗೆ ಎಂಬುದನ್ನು ನೆನೆಯುವವರು ಕಡಿಮೆ.

1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು, ಮಕ್ಕಳಿಗೆ ಪಾಠ ಹೇಳಿ ಬೆಂಗಳೂರಿನಲ್ಲಿ ಓದಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬೈ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಹತ್ತು ವರ್ಷಗಳೊಳಗೆ ಸಿಂಧ್ ಪ್ರದೇಶದ ಸುಕ್ಕೂರಿಗೆ ಹೋಗಬೇಕಾಯಿತು. ಅಲ್ಲಿ ಸಿಂಧೂ ನದಿಯ ನೀರು ಕೆಸರು. ಸೋಸುವ ತೊಟ್ಟಿಗಳನ್ನು ಕಟ್ಟಿಸುವಷ್ಟು ಹಣ ಪುರಸಭೆಯಲ್ಲಿರಲಿಲ್ಲ. ಅವರು ದಡದ ಬಳಿ ನದೀಪಾತ್ರದಲ್ಲೇ ಬಾವಿ ತೋಡಿಸಿದರು. ಮರಳಿನ ಮೂಲಕ ಜಿನುಗಿ ಬಂದ ನೀರು ತಿಳಿಯಾಗಿತ್ತು. 1895ರಲ್ಲಿ ಆ ಕೆಲಸ ಮುಗಿಯಿತು.

ಈ ಪ್ರಸಂಗ ನನ್ನನ್ನು ತಡೆದು ನಿಲ್ಲಿಸಿತು. ಮಣ್ಣು ಎಲ್ಲವನ್ನೂ ಸೋಸಿಕೊಳ್ಳುತ್ತದೆ ಎಂಬುದು ನಮ್ಮ ಕರಾವಳಿಯ ನಂಬಿಕೆಯೂ ಹೌದು. ಶೌಚದ ಗುಂಡಿಗಳನ್ನು ಆ ಧೈರ್ಯದ ಮೇಲೆಯೇ ತೋಡುತ್ತೇವೆ. ಆದರೆ ವಿಶ್ವೇಶ್ವರಯ್ಯನವರು ಹಾಗೆ ನಂಬಿ ಕೂತವರಲ್ಲ. ನೀರು ಯಾವ ಪದರದಲ್ಲಿ ಹೇಗೆ ಹಾದು ಬರುತ್ತದೆಂದು ಲೆಕ್ಕ ಹಾಕಿದವರು. ಸಣ್ಣ ಮರಳಿನಲ್ಲಿ ನೀರು ನಿಧಾನವಾಗಿ ಸೋಸುತ್ತದೆ. ನಮ್ಮ ಮುರಕಲ್ಲಿನ ನೆಲವೋ ತೂತು, ಬಿರುಕುಗಳಿಂದ ತುಂಬಿದ್ದು. ಅದರಲ್ಲಿ ಹೊಲಸು ಸೋಸಲ್ಪಡದೆ ಹರಿದುಹೋಗಬಲ್ಲದು. ಮಳೆಗಾಲದಲ್ಲಂತೂ ಬಾವಿಯ ನೀರು ಕಟ್ಟೆಯ ಸಮೀಪಕ್ಕೆ ಏರುತ್ತದೆ. ಆಗ ಗುಂಡಿ ಮತ್ತು ಬಾವಿಗಳ ನಡುವೆ ಒಣಮಣ್ಣೇ ಉಳಿಯುವುದಿಲ್ಲ.

1904ರಲ್ಲಿ ಅವರು ಮುಂಬೈ ಸರ್ಕಾರದ ಸ್ಯಾನಿಟರಿ ಎಂಜಿನಿಯರ್ ಆದರು. ಪ್ರಾಂತದ ಊರುಗಳ ನೀರು ಮತ್ತು ನೈರ್ಮಲ್ಯದ ಯೋಜನೆಗಳು ಅವರ ಪಾಲಿಗೆ ಬಂದವು. ಆಗ ಆ ಪ್ರಾಂತ ನಮ್ಮ ಬೈಂದೂರಿನ ಶಿರೂರು ದಾಟಿದೊಡನೆ ಭಟ್ಕಳದಿಂದ ಆರಂಭವಾಗುತ್ತಿತ್ತು. 1862ರಲ್ಲಿ ಕೆನರಾ ಜಿಲ್ಲೆಯ ಉತ್ತರ ಭಾಗ ಮುಂಬೈಗೆ ಸೇರಿದಾಗ, ಕುಂದಾಪುರವೂ ಬ್ರಹ್ಮಾವರವೂ ಮದರಾಸಿನಲ್ಲೇ ಉಳಿದಿದ್ದವು. ಹೀಗಾಗಿ ಅವರ ಅಧಿಕಾರ ನಮ್ಮ ಮನೆಬಾಗಿಲಿನವರೆಗೆ ಬಂದು ನಿಂತಿತ್ತು. 1906ರಲ್ಲಿ ಅವರನ್ನು ಏಡನ್ನಿಗೆ ಕಳುಹಿಸಲಾಯಿತು. ಆ ಬರಡು ಬಂದರಿಗೆ ನೀರು ತರುವ ಬಗೆಯನ್ನೂ, ಅಲ್ಲಿಯ ಕೊಳಚೆಯನ್ನು ಸಾಗಿಸುವ ಬಗೆಯನ್ನೂ ಅವರು ಒಟ್ಟಾಗಿಯೇ ಅಧ್ಯಯನ ಮಾಡಿದರು. ಬರುವ ನೀರು ಮತ್ತು ಹೋಗುವ ನೀರು ಒಂದೇ ಲೆಕ್ಕದ ಎರಡು ಬದಿ ಎಂಬ ತಿಳಿವಳಿಕೆ ಅವರ ಕೆಲಸದಲ್ಲೆಲ್ಲ ಕಾಣುತ್ತದೆ.

1908ರಲ್ಲಿ ಸ್ವಂತ ಇಚ್ಛೆಯಿಂದ ನಿವೃತ್ತರಾಗಿ ಯುರೋಪು, ಅಮೆರಿಕಗಳಿಗೆ ಹೋದಾಗಲೂ ಅವರು ಆಣೆಕಟ್ಟುಗಳ ಜೊತೆಗೆ ನಗರಗಳ ಒಳಚರಂಡಿಗಳನ್ನು ನೋಡುತ್ತ ತಿರುಗಿದರು. ಅದೇ ವರ್ಷದ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರದ ಕರೆಗೆ ಓಗೊಟ್ಟು 1909ರಲ್ಲಿ ಅಲ್ಲಿಗೆ ಹೋದ ಅವರು, ಪ್ರವಾಹ ತಡೆಯುವ ಜಲಾಶಯಗಳ ಯೋಜನೆಯೊಂದಿಗೆ ಇಡೀ ನಗರಕ್ಕೆ ಒಳಚರಂಡಿಯ ಯೋಜನೆಯನ್ನೂ ಮುಂದಿಟ್ಟರು. ಉಸ್ಮಾನ್ ಸಾಗರ್ 1920ರಲ್ಲಿ, ಹಿಮಾಯತ್ ಸಾಗರ್ 1927ರಲ್ಲಿ ಮುಗಿದವು. ಜನ ಇಂದಿಗೂ ಅವನ್ನು ನೋಡಲು ಹೋಗುತ್ತಾರೆ. ನೆಲದಡಿಯ ಕೊಳವೆಗಳನ್ನು ಯಾರು ನೋಡಲು ಹೋಗುತ್ತಾರೆ?

1909ರ ನವೆಂಬರಿನಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಿಂದ 1918ರವರೆಗೆ ದಿವಾನ, 1955ರಲ್ಲಿ ಭಾರತರತ್ನ, 1962ರ ಏಪ್ರಿಲ್ 14ರಂದು ನೂರರ ವಯಸ್ಸಿನಲ್ಲಿ ನಿಧನ: ಮುಂದಿನ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಬೆಂಗಳೂರಿಗೆ ನೀರು ತರಲು ಅವರ ಮಾರ್ಗದರ್ಶನದಲ್ಲಿ ಅರ್ಕಾವತಿಗೆ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯ 1933ರಲ್ಲಿ ಸಿದ್ಧವಾಯಿತು. ಮೇಲ್ಭಾಗದ ಬೆಳೆಯುವ ಊರುಗಳ ಹೊಲಸು ಸೇರಿ, ಮುಂದೆ ಅದರಿಂದ ಕುಡಿಯುವ ನೀರು ಪಡೆಯುವುದೇ ವರ್ಷಗಟ್ಟಲೆ ನಿಂತುಹೋಯಿತು. ಒಂದು ಬದಿಯ ಲೆಕ್ಕವನ್ನು ಮರೆತರೆ ಇನ್ನೊಂದು ಬದಿ ಉಳಿಯುವುದಿಲ್ಲ.

ನಮ್ಮ ಐದು ಸೆಂಟ್ಸಿನ ಅಂಗಳದಲ್ಲಿ ನಡೆಯುತ್ತಿರುವುದೂ ಇದೇ. ಬೈಂದೂರು, ಬ್ರಹ್ಮಾವರಗಳು 2018ರಲ್ಲಿ ತಾಲ್ಲೂಕುಗಳಾದವು. ಹೆದ್ದಾರಿಯ ಎರಡೂ ಬದಿ ನಿವೇಶನಗಳೂ ವಸತಿ ಸಮುಚ್ಚಯಗಳೂ ಏಳುತ್ತಿವೆ. ಆದರೂ ಈ ಮೂರು ತಾಲ್ಲೂಕುಗಳ ಬಹುಪಾಲು ಮನೆಗಳಿಗೆ ಒಳಚರಂಡಿಯ ಸಂಪರ್ಕವಿಲ್ಲ. ಬಾವಿಯೂ ಗುಂಡಿಯೂ ಒಂದೇ ಜಾಗದಲ್ಲಿವೆ. ಭಾರತೀಯ ಮಾನಕ ಸಂಹಿತೆಯಂತೆ ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ ಕನಿಷ್ಠ 18 ಮೀಟರ್, ಎಂದರೆ ಸುಮಾರು 60 ಅಡಿ ಅಂತರ ಬೇಕು. ಐದು ಸೆಂಟ್ಸ್ ಎಂದರೆ 2178 ಚದರ ಅಡಿ. ಜಾಗ ಚೌಕವಾಗಿದ್ದರೆ ಒಂದು ಬದಿ 47 ಅಡಿಯನ್ನೂ ಮುಟ್ಟದು. ಮೂಲೆಯಿಂದ ಮೂಲೆಗೆ ಅಳೆದರೆ ಮಾತ್ರ 66 ಅಡಿ. ಪಕ್ಕದ ಮನೆಯ ಗುಂಡಿಯ ಲೆಕ್ಕ ಬೇರೆ.

ಆದ್ದರಿಂದ ಮನೆ ಕೊಳ್ಳುವವರಲ್ಲಿ ನನ್ನ ವಿನಂತಿ ಇಷ್ಟೇ. ಮುಂಗಡ ಕೊಡುವ ಮುನ್ನ ಎಲ್ಲ ಮುಚ್ಚಳಗಳನ್ನು ತೆಗೆಸಿ. ಶೌಚಾಲಯಕ್ಕೆ ಬಣ್ಣ ಕಲಸಿದ ನೀರು ಹೊಯ್ದು, ಅದು ಎಲ್ಲಿಗೆ ಹೋಗುತ್ತದೆಂದು ನೋಡಿ. ತೊಟ್ಟಿಗೆ ತಳವಿದೆಯೇ, ಕೊನೆಯ ಬಾರಿ ಯಾವಾಗ ಖಾಲಿ ಮಾಡಿಸಿದ್ದರು ಎಂದು ಕೇಳಿ. ನಿಮ್ಮ ಬಾವಿಗೂ ನೆರೆಯವರ ಬಾವಿಗೂ ಟೇಪು ಹಿಡಿದು ಅಳೆಯಿರಿ. ಬಾವಿಯ ನೀರಿನಲ್ಲಿ ಕೋಲಿಫಾರ್ಮ್ ಇದೆಯೇ ಎಂದು ಪರೀಕ್ಷೆ ಮಾಡಿಸಿ. ಸಾಧ್ಯವಾದರೆ ಮನೆಯನ್ನು ಮಳೆಗಾಲದಲ್ಲೇ ನೋಡಿ. ಕೊಳವೆಯೊಳಗೆ ಕ್ಯಾಮೆರಾ ಇಳಿಸಿ ತೋರಿಸುವವರು ಸಿಕ್ಕಿದರೆ ಅದಕ್ಕೆ ತಗಲುವ ಹಣ ದೊಡ್ಡದಲ್ಲ. ಆದರೆ ಗುಂಡಿಯೊಳಕ್ಕೆ ಮನುಷ್ಯನನ್ನು ಮಾತ್ರ ಇಳಿಸಬೇಡಿ. 2013ರ ಕಾಯಿದೆ ಅದನ್ನು ಅಪರಾಧವೆನ್ನುತ್ತದೆ, ಅದರೊಳಗಿನ ವಿಷಾನಿಲ ಕ್ಷಣದಲ್ಲಿ ಪ್ರಾಣ ತೆಗೆಯುತ್ತದೆ.

ನಾನು ಹಳೆಯ ಗುಂಡಿಯನ್ನು ಮುಚ್ಚಿಸಿ, ಬಾವಿಯಿಂದ ದೂರದ ಮೂಲೆಯಲ್ಲಿ ತಳವಿರುವ ಟ್ಯಾಂಕನ್ನು ಕಟ್ಟಿಸಿದೆ. ಮನೆಯ ಬೆಲೆಯ ಜೊತೆಗೆ ಆ ಖರ್ಚೂ ಬಿತ್ತು. ಬಾವಿಯ ನೀರನ್ನು ಮನೆಯವರು ಮತ್ತೆ ನಂಬಿ ಕುಡಿಯಲು ಎರಡು ಮಳೆಗಾಲ ಬೇಕಾದವು.