ಠಕ್ಕರ ಬಾಪಾ: ಅಡವಿಯ ಜನರ ಪರವಾಗಿ ಲೆಕ್ಕ ಕೇಳಿದವರು

ತಿಳವಳ್ಳಿಯ ಶಾಂತೇಶ್ವರನಂಥ ಹಳೆಯ ಗುಡಿಗಳನ್ನು ನೋಡಹೋದವರು ಶಿಲ್ಪವನ್ನು ಮೆಚ್ಚಿ ಮರಳುತ್ತಾರೆ; ಶಾಸನದ ಮುಂದೆ ನಿಲ್ಲುವವರು ವಿರಳ. ನಮ್ಮ ಹಿಂದಿನವರು ದಾನವನ್ನು ಕಲ್ಲಿನಲ್ಲಿ ಬರೆಯಿಸುವಾಗ ಕೊಟ್ಟವರಾರು, ಪಡೆದವರಾರು, ಭೂಮಿಯ ಅಳತೆಯೆಷ್ಟು, ಮೇರೆ ಯಾವುದು ಎಂಬುದನ್ನೆಲ್ಲ ಕಾಣಿಸುತ್ತಿದ್ದರು. ಕೊಟ್ಟ ಮಾತಿಗೆ ಊರೇ ಸಾಕ್ಷಿಯಾಗಿರಬೇಕೆಂಬುದು ಅದರ ಆಶಯ. ಈ ಊರಿನ ಪಡುವಣಕ್ಕೆ, ಮುಂಡಗೋಡ ಯಲ್ಲಾಪುರಗಳ ಅಡವಿಗಳಲ್ಲಿ ಸಿದ್ದಿ ಜನರು ಬಾಳುತ್ತಾರೆ. ಇಂಥ ದೂರದ ಜನರಿಗೆ ಸರಕಾರ ಕೊಡುವ ಮಾತಿಗೆ ಸಾಕ್ಷಿ ಯಾರು? ಈ ಪ್ರಶ್ನೆಯನ್ನು ದೇಶದ ಅಡವಿಯ ಜನರೆಲ್ಲರ ಪರವಾಗಿ ಕೇಳಿದವರಲ್ಲಿ ಅಗ್ರಗಣ್ಯರು ಅಮೃತಲಾಲ ವಿಠ್ಠಲದಾಸ ಠಕ್ಕರರು. ಲೋಕವು ಅವರನ್ನು ಠಕ್ಕರ ಬಾಪಾ ಎಂದು ಕರೆಯಿತು.

ಅವರು ಹುಟ್ಟಿದ್ದು 1869ರ ನವೆಂಬರ 29ರಂದು, ಸೌರಾಷ್ಟ್ರದ ಭಾವನಗರದಲ್ಲಿ. ಪುಣೆಯಲ್ಲಿ ಎಂಜಿನಿಯರಿಂಗ್ ಕಲಿತು ಪೋರಬಂದರದಲ್ಲಿ, ಆಫ್ರಿಕದ ಯುಗಾಂಡಾ ರೈಲುದಾರಿಯಲ್ಲಿ, ಸಾಂಗಲಿ ಸಂಸ್ಥಾನದಲ್ಲಿ ದುಡಿದು ಕಡೆಗೆ ಮುಂಬಯಿ ನಗರಸಭೆಯನ್ನು ಸೇರಿದರು. ಊರ ಕಸವನ್ನು ಹೊರಗೆ ಸಾಗಿಸುವ ರೈಲಿನ ಮೇಲ್ವಿಚಾರಣೆ ಅವರ ಪಾಲಿಗೆ ಬಂತು. ನಗರವನ್ನು ಶುಚಿಯಾಗಿಡುವ ಜಾಡಮಾಲಿಗಳ ಕೇರಿಗೆ ಆ ನಗರದ ಸೌಕರ್ಯಗಳು ತಲುಪಿಲ್ಲವೆಂಬುದನ್ನು ಅವರು ಕಣ್ಣಾರೆ ಕಂಡರು. 1914ರಲ್ಲಿ, ನಲವತ್ತನ್ನು ದಾಟಿದ ಪ್ರಾಯದಲ್ಲಿ, ಉದ್ಯೋಗವನ್ನು ಬಿಟ್ಟು ಗೋಖಲೆಯವರ ಭಾರತ ಸೇವಕ ಸಮಾಜಕ್ಕೆ ತಮ್ಮನ್ನು ಒಪ್ಪಿಸಿಕೊಂಡರು.

1922ರಲ್ಲಿ ಪಂಚಮಹಾಲ ಜಿಲ್ಲೆಗೆ ಬರ ಬಿದ್ದಾಗ ಅವರು ಭಿಲ್ಲರ ನಡುವೆ ಹೋದರು. ಬರದ ವರ್ಷದ ಹಸಿವು ಒಂದು ವರ್ಷದ ಕೇಡಲ್ಲ, ಸಾಲ, ಮದ್ಯ, ನಿರಕ್ಷರತೆಗಳು ಬಹುಕಾಲ ಕೂಡಿಸಿಟ್ಟ ಬಾಕಿ ಎಂಬುದು ಅಲ್ಲಿ ಅವರಿಗೆ ಮನವರಿಕೆಯಾಯಿತು. ದಾಹೋದಿನಲ್ಲಿ ಭೀಲ ಸೇವಾ ಮಂಡಲ ಹುಟ್ಟಿತು. ಶಾಲೆ, ಆಶ್ರಮ, ಔಷಧಾಲಯಗಳು ನಡೆದವು. ಆದರೆ ಸೇವಕರ ಕರುಣೆ ಸರಕಾರದ ಕರ್ತವ್ಯಕ್ಕೆ ಬದಲಿಯಾಗಲಾರದೆಂಬುದನ್ನು ಅವರು ಅರಿತಿದ್ದರು.

1928ರಲ್ಲಿ ಮುಂಬಯಿ ಸರಕಾರವು ದಲಿತ ವರ್ಗಗಳ ಮತ್ತು ಆದಿವಾಸಿಗಳ ಸ್ಥಿತಿಯನ್ನು ವಿಚಾರಿಸಲು ಸ್ಟಾರ್ಟ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ಸಮಿತಿಯೊಂದನ್ನು ನೇಮಿಸಿತು. ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಅಪರಾಧಿ ಬುಡಕಟ್ಟುಗಳೆಂದು ಹಣೆಪಟ್ಟಿ ಹಚ್ಚಿ ಕೂಡಿಹಾಕಿದ್ದ ಜನರ ಸೆಟ್ಲಮೆಂಟುಗಳ ಆಡಳಿತ ನೋಡಿದವರು ಈ ಸ್ಟಾರ್ಟರೇ. ಸಮಿತಿಯಲ್ಲಿ ಡಾ. ಅಂಬೇಡಕರರೂ ಠಕ್ಕರರೂ ಇದ್ದರು. ನಮ್ಮ ಹಾನಗಲ್ಲ ತಾಲೂಕು ಸೇರಿದ್ದ ಧಾರವಾಡ ಜಿಲ್ಲೆಯೂ ಸಿದ್ದಿಗಳ ಕಾರವಾರ ಸೀಮೆಯೂ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಆ ವಿಚಾರಣೆ ನಮ್ಮನ್ನೂ ಕುರಿತದ್ದೇ ಆಗಿತ್ತು. 1930ರಲ್ಲಿ ಸಮಿತಿಯು ವರದಿಯನ್ನೊಪ್ಪಿಸಿತು. ಅದರ ಮೇಲಿಂದ ಹಿಂದುಳಿದ ವರ್ಗಗಳ ಹೊಣೆಗೆಂದೇ ಪ್ರತ್ಯೇಕ ಅಧಿಕಾರಿಯ ನೇಮಕವಾಯಿತು. ದೂರು ಹೇಳಿಕೊಳ್ಳಲು ಒಂದು ಬಾಗಿಲಾದರೂ ತೆರೆಯಿತು.

1935ರ ಶಾಸನವು ಹಲವು ಗುಡ್ಡಗಾಡುಗಳನ್ನು ಹೊರತಾದ ಪ್ರದೇಶಗಳೆಂದು ಬೇರ್ಪಡಿಸಿತು. ಗವರ್ನರರ ಅಪ್ಪಣೆಯಿಲ್ಲದೆ ಪ್ರಾಂತದ ಕಾನೂನು ಅಲ್ಲಿ ನಡೆಯದು. ರಕ್ಷಣೆಯೆಂಬ ಹೆಸರಿನ ಈ ಬೇಲಿಯೊಳಗೆ ಶಾಲೆಯಿಲ್ಲವೇಕೆ, ದಾರಿಯಿಲ್ಲವೇಕೆ ಎಂದು ಕೇಳುವವರೇ ಇಲ್ಲವಾಗುತ್ತಾರೆಂಬುದು ಠಕ್ಕರರ ಆಕ್ಷೇಪ. ಒರಿಸ್ಸದ ಇಂಥ ಪ್ರದೇಶಗಳ ವಿಚಾರಣಾ ಸಮಿತಿಗೆ ಅವರೇ ಅಧ್ಯಕ್ಷರಾದರು. 1941ರಲ್ಲಿ ಪುಣೆಯ ಗೋಖಲೆ ಸಂಸ್ಥೆಯಲ್ಲಿತ್ತ ಉಪನ್ಯಾಸದಲ್ಲಿ ಆದಿವಾಸಿಗಳ ಪ್ರಶ್ನೆಯನ್ನು ವಿದ್ವಾಂಸರ ಮುಂದಿಟ್ಟರು. ಬೇಲಿ ಕಿತ್ತರೆ ಲೇವಾದೇವಿಗಾರನೇ ಮೊದಲು ನುಗ್ಗುವನೆಂಬ ಭಯ ವೆರಿಯರ್ ಎಲ್ವಿನ್ನರಂಥವರಿಗಿತ್ತು. ಆ ಭಯ ನಿರಾಧಾರವಾದುದಲ್ಲ. ಆಶ್ರಮದ ಶಿಸ್ತು ಅಡವಿಯ ಹಾಡು ಕುಣಿತಗಳನ್ನು ಅರಿಯಲಿಲ್ಲವೆಂಬ ಮಾತನ್ನೂ ಬಾಪಾರ ಅಭಿಮಾನಿಗಳು ಒಪ್ಪಬೇಕಾಗುತ್ತದೆ.

1947ರಲ್ಲಿ ಸಂವಿಧಾನ ಸಭೆಯು ಅಸ್ಸಾಮಿನ ಹೊರಗಿನ ಇಂಥ ಪ್ರದೇಶಗಳ ಉಪಸಮಿತಿಗೆ ಅವರನ್ನು ಅಧ್ಯಕ್ಷರನ್ನಾಗಿ ಮಾಡಿತು. ಆಗ ಅವರಿಗೆ ಎಪ್ಪತ್ತೇಳು ವರ್ಷ. ಆದಿವಾಸಿಗಳವರೇ ಆದ ಜೈಪಾಲ ಸಿಂಗರೂ ಅದರ ಸದಸ್ಯರು. ಆ ಶ್ರಮದ ಫಲವನ್ನು ಸಂವಿಧಾನದ ಐದನೆಯ ಅನುಸೂಚಿಯಲ್ಲಿ ಕಾಣಬಹುದು. ಅನುಸೂಚಿತ ಪ್ರದೇಶಗಳ ಆಡಳಿತವನ್ನು ಕುರಿತು ರಾಜ್ಯಪಾಲರು ಪ್ರತಿವರ್ಷ ರಾಷ್ಟ್ರಪತಿಗೆ ವರದಿ ಸಲ್ಲಿಸಬೇಕು; ಬುಡಕಟ್ಟುಗಳ ಸಲಹಾ ಮಂಡಲಿ ಇರಬೇಕು. ಹತ್ತು ವರ್ಷ ತುಂಬಿದಾಗ ಆಯೋಗವೊಂದು ಎಲ್ಲವನ್ನೂ ಪರೀಕ್ಷಿಸಬೇಕೆಂದು 339ನೆಯ ವಿಧಿ ಕಟ್ಟುಮಾಡಿತು. ಅದರಂತೆ 1960ರಲ್ಲಿ ಢೇಬರ ಆಯೋಗ ನೇಮಕವಾಯಿತು. ಅದನ್ನು ನೋಡಲು ಬಾಪಾ ಉಳಿದಿರಲಿಲ್ಲ. 1948ರಲ್ಲಿ ಭಾರತೀಯ ಆದಿಮಜಾತಿ ಸೇವಕ ಸಂಘವನ್ನು ಕಟ್ಟಿ, 1951ರ ಜನವರಿಯಲ್ಲಿ ಅವರು ಭಾವನಗರದಲ್ಲಿ ಕಣ್ಮುಚ್ಚಿದರು.

ಕರ್ನಾಟಕದಲ್ಲಿ ಐದನೆಯ ಅನುಸೂಚಿಯ ಪ್ರದೇಶ ಒಂದೂ ಇಲ್ಲ; ಆದುದರಿಂದ ರಾಜ್ಯಪಾಲರ ಆ ವಾರ್ಷಿಕ ವರದಿಯ ಬೆಳಕು ನಮ್ಮ ಅಡವಿಗಳ ಮೇಲೆ ಬೀಳದು. ಉತ್ತರ ಕನ್ನಡದ ಸಿದ್ದಿಗಳ ಹೆಸರು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಬಂದದ್ದು 2003ರಲ್ಲಿ. ಧಾರವಾಡ, ಬೆಳಗಾವಿಗಳ ಸಿದ್ದಿಗಳು 2020ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಸಂವಿಧಾನ ಜಾರಿಯಾಗಿ ಆಗಲೇ ಎಪ್ಪತ್ತು ವರ್ಷಗಳಾಗಿದ್ದವು. ಅಷ್ಟು ಕಾಲ ರಾಜ್ಯಪಾಲರ ವಾರ್ಷಿಕ ವರದಿಯ ಆ ಕಟ್ಟಳೆ ನಮ್ಮಲ್ಲಿರಲಿಲ್ಲ. ಕಟ್ಟಳೆಯಿಲ್ಲದೆಡೆ ಆ ಕೆಲಸ ನೆರೆಹೊರೆಯವರಾದ ನಮ್ಮ ಪಾಲಿನದು. ಬಾಪಾ ಭಿಲ್ಲರ ಕುಲದವರಲ್ಲ, ಅವರ ಜಿಲ್ಲೆಯವರೂ ಅಲ್ಲ. ಆದರೂ ನಡೆದು ಹೋಗಿ ನೋಡಿದರು, ನೋಡಿದ್ದನ್ನು ಬರೆದರು, ಬರೆದದ್ದಕ್ಕೆ ಸರಕಾರದಿಂದ ಉತ್ತರ ಕೇಳಿದರು. ತಿಳವಳ್ಳಿಯಿಂದ ಮುಂಡಗೋಡದ ಅಡವಿ ಅಷ್ಟು ದೂರವೇನೂ ಅಲ್ಲ.